ಗೂಳಿ ಮುದ್ರೆಯ ಕಾರು ಹುಟ್ಟುವ ಊರಿನಲ್ಲಿ

ಇಟಲಿಯ ಬೊಲೋನ್ಯಾ ನಗರದ ಕಮಾನು ಸಾಲುಗಳನ್ನು ಹಿಂದೆ ಬಿಟ್ಟು ಬಸ್ಸು ವಾಯವ್ಯಕ್ಕೆ ಹೊರಳಿದರೆ, ಮುಂದಿನದ್ದೆಲ್ಲ ಪೋ ನದಿಯ ಬಯಲು. ಗುಡ್ಡವೆಂಬುದಿಲ್ಲ, ಹೊಲಗಳ ನಡುವೆ ನೇರವಾಗಿ ಕೊರೆದ ನೀರಿನ ಕಾಲುವೆಗಳು, ಮೆಕ್ಕೆಜೋಳ, ಹಣ್ಣಿನ ತೋಟಗಳು, ಅಲ್ಲೊಂದು ಇಲ್ಲೊಂದು ಇಟ್ಟಿಗೆಯ ಒಂಟಿ ಮನೆ. ಜಗತ್ತಿನ ಅತಿ ದುಬಾರಿ ಕಾರುಗಳಲ್ಲಿ ಕೆಲವು ತಯಾರಾಗುವುದು ಇಂಥ ಕೃಷಿಭೂಮಿಯ ನಡುವಿನ ಸಾಂತಾಗಾತಾ ಬೊಲೋನ್ಯೇಸೆ ಎಂಬ, ಏಳು ಸಾವಿರ ಚಿಲ್ಲರೆ ಜನಸಂಖ್ಯೆಯ ಸಣ್ಣ ಊರಿನಲ್ಲಿ. ಲ್ಯಾಂಬೋರ್ಗಿನಿ ಕಾರ್ಖಾನೆ ಮೊಡೆನಾ ರಸ್ತೆಗೇ ಮುಖ ಮಾಡಿ ನಿಂತಿದೆ. ಬಸ್ಸಿನಿಂದ ಇಳಿದವರಿಗೆ ಮೊದಲು ಕಾಣುವುದು ಗಾಜಿನ ಮುಂಭಾಗದ ವಸ್ತುಸಂಗ್ರಹಾಲಯ. ತಯಾರಿಕೆಯ ಶೆಡ್ಡುಗಳು ಅದರ ಹಿಂದಿವೆ.

ಈ ಸಂಸ್ಥೆಯ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಕಥೆಯೊಂದಿದೆ. ಟ್ರ್ಯಾಕ್ಟರ್ ಮಾರಿ ಶ್ರೀಮಂತನಾಗಿದ್ದ ಫೆರುಚ್ಚೋ ಲ್ಯಾಂಬೋರ್ಗಿನಿ ತನ್ನ ಫೆರಾರಿ ಕಾರಿನ ಕ್ಲಚ್ಚು ಪದೇ ಪದೇ ಕೆಡುತ್ತದೆಂದು ಎಂಜೋ ಫೆರಾರಿಗೆ ದೂರು ಹೇಳಲು ಹೋದನಂತೆ, ಟ್ರ್ಯಾಕ್ಟರ್ ಓಡಿಸುವವನಿಗೆ ಕಾರಿನ ವಿಷಯ ಏನು ಗೊತ್ತು ಎಂಬ ಮಾತು ಕೇಳಿ ಬಂದು ತಾನೇ ಕಾರು ಕಟ್ಟಿದನಂತೆ. ಕಥೆ ರಂಜಕವಾಗಿದೆ, ಫೆರಾರಿಯ ಕಾರ್ಖಾನೆ ಇರುವ ಮರನೆಲ್ಲೋ ಕೂಡ ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿಯಷ್ಟೆ. ಆದರೆ ಹಟವೊಂದರಿಂದಲೇ ಕಾರ್ಖಾನೆ ಏಳುವುದಿಲ್ಲ ಎಂಬುದು ನನ್ನ ಅನಿಸಿಕೆ. 1916ರಲ್ಲಿ ದ್ರಾಕ್ಷಿ ಬೆಳೆಯುವ ರೈತರ ಮನೆಯಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನೆಯ ವಾಹನಗಳನ್ನು ರಿಪೇರಿ ಮಾಡಿ, ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಗಾಡಿಗಳ ಭಾಗಗಳಿಂದಲೇ ಟ್ರ್ಯಾಕ್ಟರ್ ಜೋಡಿಸಿ ಮಾರಿದ ಈ ಮನುಷ್ಯನಿಗೆ, ಒಂದು ಯಂತ್ರದ ಅಸಲು ಎಷ್ಟು, ಅದನ್ನು ಎಷ್ಟಕ್ಕೆ ಮಾರುತ್ತಾರೆ ಎಂಬ ಲೆಕ್ಕ ಚೆನ್ನಾಗಿ ಗೊತ್ತಿತ್ತು. 1963ರಲ್ಲಿ ಅವನು ಈ ಊರನ್ನು ಆರಿಸಿಕೊಂಡಾಗ ಇಲ್ಲಿ ಕಮ್ಯುನಿಸ್ಟರ ಆಡಳಿತವಿತ್ತು. ಊರಿನವರಿಗೆ ಕೆಲಸ ಕೊಡುವುದಾದರೆ ರಿಯಾಯಿತಿ ಕೊಡುತ್ತೇವೆಂದು ಅವರು ಒಪ್ಪಿದ್ದರೆಂದು ಹೇಳುತ್ತಾರೆ. ಕೋಟ್ಯಧೀಶರ ಆಟಿಕೆ ಎಂದು ಹೆಸರಾದ ಕಾರಿಗೆ ಇಂಥ ಜಾತಕ!

ಸಂಗ್ರಹಾಲಯದಲ್ಲಿ ನಾನು ಬಹಳ ಹೊತ್ತು ನಿಂತದ್ದು ಮಿಯುರಾ ಎಂಬ ಕಾರಿನ ಎದುರು. ನೆಲದಿಂದ ಅದರ ಎತ್ತರ ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚು; ಒಳಗೆ ನೋಡಬೇಕಾದರೆ ಸೊಂಟ ಬಗ್ಗಿಸಲೇಬೇಕು. ಮೇಲ್ಮುಖವಾಗಿ ಮಲಗಿದ ದೀಪಗಳ ಸುತ್ತ ರೆಪ್ಪೆಗೂದಲಿನಂತೆ ಕಪ್ಪು ಪಟ್ಟಿಗಳಿವೆ, ಹಿಂಭಾಗದ ಗಾಜಿನ ಜಾಗದಲ್ಲಿ ಅಡ್ಡಡ್ಡ ಕಪ್ಪು ಹಲಗೆಗಳಿವೆ. ಅವುಗಳ ಕೆಳಗೆ, ಚಾಲಕನ ಬೆನ್ನಿಗೇ ಹತ್ತಿ, ಹನ್ನೆರಡು ಸಿಲಿಂಡರ್‌ಗಳ ಎಂಜಿನ್ ಅಡ್ಡಲಾಗಿ ಕೂತಿದೆ. ಎಂಜಿನ್ನಿನ ಮೂಲ ವಿನ್ಯಾಸ ಜೊತ್ತೊ ಬಿಜ್ಜರಿನಿಯದು. ಅದನ್ನು ಅಡ್ಡಲಾಗಿ ತಿರುಗಿಸಿ, ಗೇರ್‌ಬಾಕ್ಸನ್ನೂ ಅದೇ ಎರಕದೊಳಗೆ ಸೇರಿಸಿದ ತಂಡದಲ್ಲಿ ಜಾನ್ ಪಾವ್ಲೊ ದಲ್ಲಾರಾ, ಪಾವ್ಲೊ ಸ್ತಂಜಾನಿ ಮತ್ತು ನ್ಯೂಜಿಲೆಂಡಿನ ಬಾಬ್ ವಾಲೇಸ್ ಇದ್ದರು. ಹೊರರೂಪ ಕೊಟ್ಟವರು ಬೆರ್ತೋನೆ ಸಂಸ್ಥೆಯ ಮಾರ್ಚೆಲ್ಲೊ ಗಂದೀನಿ. ಬಿಜ್ಜರಿನಿಯನ್ನು ಬಿಟ್ಟರೆ ಉಳಿದ ಈ ನಾಲ್ವರಲ್ಲಿ ಯಾರಿಗೂ ಆಗ ಮೂವತ್ತು ತುಂಬಿರಲಿಲ್ಲ. 1965ರ ಟ್ಯೂರಿನ್ ಪ್ರದರ್ಶನದಲ್ಲಿ ತೂಕ ಇಳಿಸಲೆಂದು ಉದ್ದಕ್ಕೂ ತೂತು ಕೊರೆದ ಬರಿಯ ಚಾಸಿಯನ್ನಷ್ಟೇ ಇಟ್ಟಿದ್ದರು, ಮರುವರ್ಷ ಜಿನೀವಾದಲ್ಲಿ ಪೂರ್ಣ ಕಾರು ಬಂತು. ಮುಂದೆ ಇದೇ ಗಂದೀನಿ ಬೆಣೆಯಾಕಾರದ ಕೌಂಟಾಚ್ ಬರೆದರು. ಮಕ್ಕಳ ಕೋಣೆಯ ಗೋಡೆಗಳಿಗೆ ಅಂಟಿದ್ದು ಆ ಕಾರಿನ ಚಿತ್ರ. ನನ್ನ ಮಟ್ಟಿಗೆ ಮಿಯುರಾ ಅದಕ್ಕಿಂತ ಒಂದು ತೂಕ ಹೆಚ್ಚು.

ಮಾಲೀಕರ ಪಟ್ಟಿ ಕಾರುಗಳ ಪಟ್ಟಿಗಿಂತ ನಾಟಕೀಯವಾಗಿದೆ. ಬೊಲಿವಿಯಾದ ದೊಡ್ಡ ಟ್ರ್ಯಾಕ್ಟರ್ ಬೇಡಿಕೆ ರದ್ದಾಗಿ ಕೈಕಟ್ಟಿದಾಗ ಫೆರುಚ್ಚೋ 1972ರಲ್ಲಿ ಕಾರು ಸಂಸ್ಥೆಯ ಹೆಚ್ಚಿನ ಪಾಲನ್ನು, 1974ರಲ್ಲಿ ಉಳಿದದ್ದನ್ನೂ ಮಾರಿ, ತ್ರಾಸಿಮೆನೊ ಸರೋವರದ ದಡದಲ್ಲಿ ದ್ರಾಕ್ಷಿ ಬೆಳೆಯಲು ಹೊರಟುಹೋದ. ಅಲ್ಲಿಗೆ ಈ ಹೆಸರಿನ ಕಾರಿಗೂ ಹೆಸರಿನ ಒಡೆಯನಿಗೂ ಇದ್ದ ನಂಟು ಹನ್ನೊಂದು ವರ್ಷದಲ್ಲಿ ಮುಗಿಯಿತು. ತೈಲ ಬಿಕ್ಕಟ್ಟಿನ ಹೊಡೆತದಿಂದ 1978ರಲ್ಲಿ ಸಂಸ್ಥೆ ದಿವಾಳಿಯಾಯಿತು. ಆಮೇಲೆ ಮಿಮ್ರಾನ್ ಸಹೋದರರು, 1987ರಲ್ಲಿ ಅಮೆರಿಕದ ಕ್ರೈಸ್ಲರ್, 1994ರಲ್ಲಿ ಇಂಡೋನೇಷ್ಯಾದ ಹೂಡಿಕೆದಾರರು, ಕೊನೆಗೆ 1998ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಔಡಿ. ಇಷ್ಟು ಕೈ ಬದಲಾದರೂ ಕಾರ್ಖಾನೆಯನ್ನು ಈ ರಸ್ತೆಯಿಂದ ಯಾರೂ ಕದಲಿಸಲಿಲ್ಲ. ಹೊರಗಿನ ಹಣವೇ ಇದನ್ನು ಉಳಿಸಿತು ನಿಜ, ಆದರೆ ಉಳಿಸಲು ಯೋಗ್ಯವಾದದ್ದು ಇಲ್ಲಿನವರ ಕೈಗುಣ.

ತಯಾರಿಕೆಯ ಸಾಲುಗಳನ್ನು ನೋಡಲು ಒಳಹೋಗುವಾಗ ಚಿತ್ರ ತೆಗೆಯುವಂತಿಲ್ಲ. ಚರ್ಮದ ವಿಭಾಗದಲ್ಲಿ ಇಡೀ ಹದ ಮಾಡಿದ ತೊಗಲನ್ನು ಮೇಜಿನ ಮೇಲೆ ಹರಡಿ, ಗಾಯದ ಗುರುತುಗಳನ್ನು ಕಣ್ಣು ಮತ್ತು ಬೆರಳುಗಳಿಂದಲೇ ಹುಡುಕುತ್ತಾರೆ. ಪಕ್ಕದ ಸಾಲಿನಲ್ಲಿ 2023ರಲ್ಲಿ ಬಂದ ರೆವುಯೆಲ್ತೋ ಕಾರು ಜೋಡಣೆಯಾಗುತ್ತದೆ. ಕೌಂಟಾಚ್‌ನಿಂದ ಅವೆಂಟಡೋರ್‌ವರೆಗೆ ಹನ್ನೆರಡು ಸಿಲಿಂಡರ್‌ಗಳ ಕಾರುಗಳಲ್ಲಿ ಗೇರ್‌ಬಾಕ್ಸು ಎಂಜಿನ್ನಿನ ಮುಂದೆ, ಎರಡು ಸೀಟುಗಳ ನಡುವೆ ಚಾಚಿಕೊಂಡಿರುತ್ತಿತ್ತು. ಈಗ ಅದನ್ನು ಎಂಜಿನ್ನಿನ ಹಿಂದಕ್ಕೆ ಅಡ್ಡಲಾಗಿ ಸರಿಸಿ, ತೆರವಾದ ಜಾಗದಲ್ಲಿ ಬ್ಯಾಟರಿ ಇಟ್ಟಿದ್ದಾರೆ. ಮೂರು ವಿದ್ಯುತ್ ಮೋಟಾರುಗಳೂ ಸೇರಿ ಒಟ್ಟು ಶಕ್ತಿ 1,015 ಅಶ್ವಶಕ್ತಿ.

ಆದರೆ ಸಂಬಳದ ಖರ್ಚು ಹೊರುವುದು ಇನ್ನೊಂದು ಶೆಡ್ಡು. ಉರುಸ್ ಎಂಬ ಎಸ್‌ಯುವಿಗಾಗಿ ಕಾರ್ಖಾನೆಯ ವಿಸ್ತಾರವನ್ನು 80,000 ಚದರ ಮೀಟರಿನಿಂದ 1,60,000ಕ್ಕೆ ಏರಿಸಿದರು. ಔಡಿ, ಪೋರ್ಷೆ, ಬೆಂಟ್ಲಿಗಳೂ ಬಳಸುವ ತಳಹದಿಯೇ ಇದಕ್ಕೂ ಇರುವುದರಿಂದ ಹಳೆಯ ಅಭಿಮಾನಿಗಳು ಮೂಗು ಮುರಿಯುತ್ತಾರೆ. ಅವರಿಗೆ ಸಂಗ್ರಹಾಲಯದಲ್ಲೇ ಉತ್ತರವಿದೆ: ಕೌಂಟಾಚ್‌ನ ಎಂಜಿನ್ ಹೊತ್ತ, ಸೇನಾ ವಾಹನದಂತಹ ಎಲ್‌ಎಂ002 ಬಂದದ್ದು 1986ರಲ್ಲಿ. 2023ರಲ್ಲಿ ಸಂಸ್ಥೆ ಮೊದಲ ಬಾರಿಗೆ ವರ್ಷಕ್ಕೆ ಹತ್ತು ಸಾವಿರದ ಗಡಿ ದಾಟಿ 10,112 ಕಾರು ಮಾರಿತು, ಅದರಲ್ಲಿ 6,087 ಉರುಸ್. 2024ರಲ್ಲಿ ಮಾರಾಟ 10,687ಕ್ಕೇರಿ, ವಹಿವಾಟು ಮೂರು ಬಿಲಿಯನ್ ಯೂರೋ ದಾಟಿತು. ಉರುಸ್‌ಗೂ, ಹುರಕಾನ್ ಜಾಗಕ್ಕೆ ಬಂದ ತೆಮೆರಾರಿಯೋಗೂ ಈಗ ವಿದ್ಯುತ್ ಮೋಟಾರಿನ ಜೊತೆ ಸೇರಿದೆ. ಬೆಂಗಳೂರಿನ ಮಳಿಗೆಯಲ್ಲೂ ಹೆಚ್ಚಾಗಿ ವಿಚಾರಿಸುವುದು ಉರುಸ್ ಇರಬಹುದೆಂದು, ನಮ್ಮ ರಸ್ತೆಯ ಉಬ್ಬುಗಳನ್ನು ನೆನೆದು ಅಂದುಕೊಂಡೆ.

ಬೊಲೋನ್ಯಾದ ಉತ್ತರಕ್ಕಿರುವ ಫುನೋ ಎಂಬಲ್ಲಿ ಫೆರುಚ್ಚೋನ ಮಗ 2014ರಲ್ಲಿ ತೆರೆದ ಇನ್ನೊಂದು ಸಂಗ್ರಹಾಲಯವಿದೆ; ಕಾರ್ಖಾನೆಗೂ ಅದಕ್ಕೂ ಸಂಬಂಧವಿಲ್ಲ. ಸಾಂತಾಗಾತಾದಲ್ಲಿ ಕಾರು ನೋಡಿದವರು ಇಲ್ಲಿಗೂ ಬರಬೇಕು, ಏಕೆಂದರೆ ಮನುಷ್ಯ ಇರುವುದು ಇಲ್ಲಿ. ಅವನ ಸ್ವಂತ ಮಿಯುರಾ, ಒಂದು ಹೆಲಿಕಾಪ್ಟರ್, ಅವುಗಳ ನಡುವೆ ಕರಿಯೋಕಾ ಎಂಬ ಮೊದಲ ಟ್ರ್ಯಾಕ್ಟರ್. ಯುದ್ಧಾನಂತರ ಇಟಲಿಯಲ್ಲಿ ಪೆಟ್ರೋಲು ತುಟ್ಟಿಯಾಗಿದ್ದರಿಂದ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಅಗ್ಗದ ಡೀಸೆಲ್ಲಿಗೆ ಬದಲಿಸುವ ಸಾಧನವನ್ನು ಅದಕ್ಕೆ ಜೋಡಿಸಿದ್ದ. ಟ್ರ್ಯಾಕ್ಟರ್ ವ್ಯವಹಾರವನ್ನು 1973ರಲ್ಲಿ ಸಾಮೆ ಎಂಬ ಇಟಲಿಯ ಸಂಸ್ಥೆ ಕೊಂಡಿತು. ಅದು ಇಂದು ಎಸ್‌ಡಿಎಫ್ ಆಗಿ ಬೆಳೆದು, ಲ್ಯಾಂಬೋರ್ಗಿನಿ ಹೆಸರಿನ ಟ್ರ್ಯಾಕ್ಟರ್‌ಗಳನ್ನು ಈಗಲೂ ಮಾರುತ್ತಿದೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯ ರಾಣಿಪೇಟೆಯಲ್ಲಿ ಆ ಸಮೂಹದ ಕಾರ್ಖಾನೆಯೂ ಇದೆ.