ನೋಡುತ್ತಾ ನಿಂತವರು ನುಡಿಸಬೇಕಾದರೆ: ಸ್ಪರ್ಶದ ಗೋಡೆ ಕಟ್ಟುವ ಕೆಲಸದಿಂದ

ತುಮಕೂರಿನ ವಸ್ತುಪ್ರದರ್ಶನದ ಮಳಿಗೆಗಳಿಗೆ ಕಟ್ಟುವ, ಮುಟ್ಟಿದರೆ ಸ್ವರ ನುಡಿಯುವ ಸ್ಪರ್ಶದ ಗೋಡೆಗೆ ಬೇಕಾಗುವುದು ಇಷ್ಟೇ: ಅಂಗೈಯಗಲದ 12 ತಾಮ್ರದ ಪಟ್ಟಿ, ಮುಟ್ಟಿದ್ದನ್ನು ಗುರುತಿಸುವ ಎಂಪಿಆರ್121 ಸೆನ್ಸರ್, ಅದನ್ನು ಲ್ಯಾಪ್‌ಟಾಪ್‌ಗೆ ತಿಳಿಸುವ ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡು, ಸದ್ದು ಹೊರಡಿಸುವ ಪ್ಯೂರ್ ಡೇಟಾ ಎಂಬ ಸಾಫ್ಟ್‌ವೇರ್ ಹಾಕಿದ ಲ್ಯಾಪ್‌ಟಾಪ್, ಸ್ಪೀಕರ್. 10 ಪಟ್ಟಿಗೆ ಮೋಹನ ರಾಗದ ಐದು ಸ್ವರ, ಎರಡು ಸ್ಥಾಯಿಯಲ್ಲಿ. ಮಿಕ್ಕೆರಡಕ್ಕೆ ತಮಟೆ. ಮೋಹನದಲ್ಲಿ ಮ, ನಿ ಇಲ್ಲ, ಹಾಗಾಗಿ ಅರ್ಧ ಮನೆಯ ಅಂತರದ (ಹಾರ್ಮೋನಿಯಂನ ಪಕ್ಕಪಕ್ಕದ ಕಪ್ಪು-ಬಿಳಿ ಮನೆಗಳಷ್ಟು ಹತ್ತಿರದ) ಸ್ವರಗಳು ಎಲ್ಲೂ ಒಂದಕ್ಕೊಂದು ತಾಗುವುದಿಲ್ಲ. ಯಾವ ಎರಡು ಪಟ್ಟಿ ಒಟ್ಟಿಗೆ ಮುಟ್ಟಿದರೂ ಕಿವಿಗೆ ಚುಚ್ಚದು. ಈ ಧೈರ್ಯ ಸಿಗದಿದ್ದರೆ ದೊಡ್ಡವರು ಎರಡನೇ ಸಲ ಕೈ ಇಡುವುದೇ ಇಲ್ಲ.

ಕೇಳುಗ ವಾದಕನಾಗುವುದು 'ಈ ಸದ್ದು ನನ್ನ ಕೈಯಿಂದಲೇ ಬಂತು' ಎಂದು ಖಾತ್ರಿಯಾದ ಗಳಿಗೆಯಲ್ಲಿ. ಅದನ್ನು ಕೆಡಿಸುವುದು ತಡ. ಮುಟ್ಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ 20 ಮಿಲಿಸೆಕೆಂಡ್ ಮೀರದಂತೆ ನೋಡಿಕೊಳ್ಳಿ. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ, ಅದೊಂದೇ 100 ಮಿಲಿಸೆಕೆಂಡಿಗೂ ಹೆಚ್ಚು ತಿನ್ನುತ್ತದೆ, ವೈರ್ ಎಳೆಯಿರಿ. ಪ್ಯೂರ್ ಡೇಟಾದ ಆಡಿಯೊ ಸೆಟ್ಟಿಂಗ್‌ನಲ್ಲಿ ಡಿಲೇ 10 ಮಿಲಿಸೆಕೆಂಡಿಗೆ ಇಳಿಸಿ, ಸದ್ದು ಚಟಪಟ ಒಡೆದರೆ ಎರಡೆರಡೇ ಏರಿಸಿ. ಕಣ್ಣಿಗೆ ಬೀಳದ ತಡ ತಮಟೆಯ ರೆಕಾರ್ಡಿಂಗಿನಲ್ಲೇ ಇರುತ್ತದೆ: ಪೆಟ್ಟು ಬೀಳುವ ಮೊದಲು ಉಳಿದ 30 ಮಿಲಿಸೆಕೆಂಡ್ ಮೌನ. ತರಂಗವನ್ನು ಹಿಗ್ಗಿಸಿ, ಪೆಟ್ಟು ಏಳುವ ಜಾಗಕ್ಕೇ ಕತ್ತರಿಸಿ.

ಲಯ ಕೆಡದಿರಲಿ ಎಂದು ಪೆಟ್ಟುಗಳನ್ನು ತಾಳಕ್ಕೆ ಕಟ್ಟಿಹಾಕುವುದು, ಅಂದರೆ ಮುಟ್ಟಿದರೂ ಮುಂದಿನ ಎಣಿಕೆ ಬರುವವರೆಗೆ ಸದ್ದನ್ನು ತಡೆಹಿಡಿಯುವುದು, ಒಳ್ಳೆಯ ಮನಸ್ಸಿನ ತಪ್ಪು. ನಿಮಿಷಕ್ಕೆ 80 ಎಣಿಕೆಯ ಲಯದಲ್ಲಿ ಕಾಲು ಎಣಿಕೆಗೆ ಕಟ್ಟಿದರೂ 187 ಮಿಲಿಸೆಕೆಂಡ್‌ವರೆಗೆ ಕಾಯಬೇಕಾಗುತ್ತದೆ. ಮಕ್ಕಳು ಪಟ್ಟಿ ಕೆಟ್ಟಿದೆ ಎಂದುಕೊಂಡು ಗುದ್ದುತ್ತಾರೆ. ಲಯ ತಪ್ಪಲಿ, ಕೈ ಅವರದಾಗಿರಲಿ.

ಕರೆಂಟ್ ಹೋಗಿ ಬಂದಾಗ ಇನ್ನೊಂದು ಕಾಟ. ಸೆನ್ಸರ್ ಎದ್ದ ಕೂಡಲೇ ಖಾಲಿ ಪಟ್ಟಿಯ ಅಳತೆ ತೆಗೆದುಕೊಳ್ಳುತ್ತದೆ. ಆಗಲೇ ಯಾರಾದರೂ ಅಂಗೈ ಒತ್ತಿ ನಿಂತಿದ್ದರೆ ಆ ಕೈಯನ್ನೇ 'ಖಾಲಿ' ಎಂದು ಎಣಿಸಿ ಪಟ್ಟಿ ಮೂಕವಾಗುತ್ತದೆ. ಆರ್ಡುಯಿನೊಗೆ ಸಣ್ಣ ಯುಪಿಎಸ್ ಕೊಡಿ, ಕೈಗೆಟಕುವಂತೆ ರೀಸೆಟ್ ಗುಂಡಿ ಇಡಿ. ಮಳಿಗೆಯ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಅರ್ತಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಸ್ಪರ್ಶ ಒಮ್ಮೆ ಹತ್ತಿ ಒಮ್ಮೆ ತಪ್ಪುತ್ತದೆ. ಪಟ್ಟಿಗೆ ಹೋಗುವ ತಂತಿ ಗಿಡ್ಡವಿದ್ದಷ್ಟೂ ಒಳ್ಳೆಯದು.

ಹಿನ್ನೆಲೆಗೆ ತಂಬೂರಿ ಶ್ರುತಿ, ಆದಿತಾಳದ ತಾಳದ ಸದ್ದು ಸಾಕು. ಅದರಲ್ಲೂ ಎಂಟು ಎಣಿಕೆಯಲ್ಲಿ ಕೊನೆಯ ನಾಲ್ಕನ್ನು ಖಾಲಿ ಬಿಡಿ. ತುಂಬಿದ ಸಂಗೀತದ ಮುಂದೆ ಜನ ಕೈಕಟ್ಟಿ ನಿಲ್ಲುತ್ತಾರೆ. ಭಜನೆಯಲ್ಲಿ ಒಬ್ಬರು ಸಾಲು ಎತ್ತಿಕೊಟ್ಟು ಸುಮ್ಮನಾದರೆ ಮಿಕ್ಕವರು ತಾವಾಗಿಯೇ ಹಿಡಿದುಕೊಳ್ಳುವುದಿಲ್ಲವೇ, ಹಾಗೆ ಆ ನಾಲ್ಕು ಎಣಿಕೆಯೊಳಗೆ ಯಾರದೋ ಕೈ ತಮಟೆ ಪಟ್ಟಿಯತ್ತ ಹೋಗುತ್ತದೆ.