ಅರ್ಧ ಅಳಿಸಿದ ನಂಬರ್

ಆ ಆಟದ ರೈಲು ಎಂಜಿನ್ನಿನ ಕ್ಯಾಬಿನ್‌ನ ಎರಡೂ ಬದಿಯಲ್ಲಿ 6231 ಅಂತ ನಂಬರ್ ಇದೆ. ಎಡ ಬದಿಯ ನಂಬರಿನ ಕೊನೆಯಲ್ಲಿರುವ 1 ಈಗ ಅರ್ಧ ಮಾತ್ರ ಉಳಿದಿದೆ. ಅಳಿಸಿದ್ದು ನಾನೇ.

ಚಿಕ್ಕಮಗಳೂರಿನಲ್ಲಿ ನನ್ನದು ಹೊಲಿಗೆ ಯಂತ್ರ, ಮಿಕ್ಸಿ, ಸಣ್ಣ ಮೋಟಾರ್ ರಿಪೇರಿ ಮಾಡುವ ಅಂಗಡಿ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಕಾಫಿ ತೋಟದ ಹಿರಿಯರೊಬ್ಬರು ಟವೆಲ್‌ನಲ್ಲಿ ಸುತ್ತಿಕೊಂಡು ಈ ಆಟದ ರೈಲು ಎಂಜಿನ್ ತಂದರು. ಹಾರ್ನ್‌ಬಿ ಡಬ್ಲೋ ಕಂಪನಿ ಬ್ರಾಂಡಿನದು, ಎಂಜಿನ್ನಿನ ಹೆಸರು ಡಚೆಸ್ ಆಫ್ ಅಥಾಲ್. ಇಂಗ್ಲೆಂಡಿನ ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿ 1938ರಲ್ಲಿ ಶುರು ಮಾಡಿದ ಡಬ್ಲೋ ರೈಲುಗಳಲ್ಲಿ ಇದೂ ಒಂದು. ಮೂರು ಹಳಿಯ ಮೇಲೆ, 12 ವೋಲ್ಟ್ ಡಿಸಿ ಕರೆಂಟಿನಲ್ಲಿ ಓಡುತ್ತದೆ.

"ನಮ್ಮ ತಂದೆ ಓಡಿಸ್ತಿದ್ರು. ಓಡಿದ್ರೆ ಸಾಕಪ್ಪ" ಅಂದರು. ಹೊಳಪು ಬರಲಿ ಅಂತ ಅವರು ಕೇಳಲೇ ಇಲ್ಲ.

ಮೋಟಾರ್ ಕೆಟ್ಟಿರಲಿಲ್ಲ. ಹಳೆಯ ಎಣ್ಣೆ ಒಣಗಿ ಹಲಸಿನ ಅಂಟಿನ ಹಾಗೆ ಹಿಡಿದುಕೊಂಡಿತ್ತು, ಅಷ್ಟೇ. ಆರ್ಮೇಚರ್, ಅಂದರೆ ಒಳಗೆ ತಿರುಗುವ ತಂತಿ ಸುತ್ತಿದ ಕಬ್ಬಿಣದ ಭಾಗ, ಹೊರಗೆ ತೆಗೆಯಲಿಲ್ಲ. ಇಂಥ ಹಳೆಯ ಲಾಳದ ಆಯಸ್ಕಾಂತದ ನಡುವಿನಿಂದ ಕಬ್ಬಿಣ ಸರಿದರೆ ಅದರ ಶಕ್ತಿ ಕುಗ್ಗುತ್ತದೆ. ತೆಗೆಯಲೇಬೇಕಾದರೆ ಮೊದಲು ಆಯಸ್ಕಾಂತದ ಎರಡೂ ತುದಿಗೆ ಅಡ್ಡಲಾಗಿ ಕಬ್ಬಿಣದ ತುಂಡು ಇಡಬೇಕು. ಹಾಗಾಗಿ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಮಾತ್ರ ಬಿಚ್ಚಿದೆ. ಹತ್ತಿಗೆ ಸ್ಪಿರಿಟ್ ಹಾಕಿ, ಆ ಬ್ರಷ್ ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರ್ ಒರೆಸಿದೆ, ತಾಮ್ರದ ಬಣ್ಣ ಕಾಣುವವರೆಗೂ. ಸಂದುಗಳಲ್ಲಿದ್ದ ಕರಿಯನ್ನು ಚೂಪು ಮಾಡಿದ ತೆಂಗಿನ ಕಡ್ಡಿಯಿಂದ ತೆಗೆದೆ. ಸೂಜಿ ಹಾಕಿದರೆ ತಾಮ್ರ ಗೀಚಿ ಹೋಗುತ್ತದೆ. ಬೇರಿಂಗ್‌ಗೆ ಹೊಲಿಗೆ ಯಂತ್ರದ ಎಣ್ಣೆ, ಒಂದೊಂದೇ ಹನಿ. ಜಾಸ್ತಿ ಆದರೆ ಅದು ಕಮ್ಯುಟೇಟರ್‌ಗೆ ಹರಿದು ಮತ್ತೆ ಅದೇ ಕರಿ ಕಟ್ಟುತ್ತದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಕೆಂಗಂದು ಬಣ್ಣದ ಮೈ ಮೇಲೆ ಮಳೆಗಾಲದ ಬೂಷ್ಟು ಕಂಡಿತು. ಕೈಯಲ್ಲಿ ಅದೇ ಸ್ಪಿರಿಟ್ ಹತ್ತಿ ಇತ್ತು, ಸುಮ್ನೆ ಒರೆಸಿದೆ. ಹತ್ತಿಗೆ ನಂಬರಿನ ಚಿನ್ನದ ಬಣ್ಣ ಅಂಟಿಕೊಂಡು ಬಂತು. ಲೋಹಕ್ಕೆ ಸರಿಹೋಗುವ ಸ್ಪಿರಿಟ್ ಹಳೆಯ ಬಣ್ಣಕ್ಕೂ ಅಕ್ಷರಕ್ಕೂ ವಿಷ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಮುಂದೆ ಹೋಯಿತು. ಉಳಿದ ಬೂಷ್ಟನ್ನು ಉಗುರುಬೆಚ್ಚಗಿನ ನೀರಿಗೆ ಒಂಚೂರು ಸೋಪು ಬೆರೆಸಿ, ಹಿಂಡಿದ ಬಟ್ಟೆಯಲ್ಲಿ ತೆಗೆದೆ. ಸಲೀಸಾಗಿ ಹೋಯಿತು.

ಆವತ್ತಿನಿಂದ ಏನೇ ಹಚ್ಚುವುದಿದ್ದರೂ ಮೊದಲು ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ ಹಚ್ಚಿ ನೋಡುತ್ತೇನೆ. ಮೋಟಾರ್‌ಗೆ ಬಳಸಿದ ಹತ್ತಿ ಮೋಟಾರ್ ಕೆಲಸ ಮುಗಿದ ಕೂಡಲೇ ಕಸದ ಬುಟ್ಟಿಗೆ ಹೋಗುತ್ತದೆ.

ಅವರು ಬಂದಾಗ ಮೊದಲು ನಂಬರ್ ತೋರಿಸಿದೆ, ಆಮೇಲೆ ಓಡಿಸಿದೆ. "ಸಾರ್, ತಪ್ಪಾಯ್ತು. ಬೇಕಾದ್ರೆ ಹೊಸದಾಗಿ ಬರೆಸಿಕೊಡ್ತೀನಿ" ಅಂದೆ. ಅವರು ತುಂಬ ಹೊತ್ತು ನೋಡಿದರು. "ಬೇಡಪ್ಪ, ಇರೋದು ಹಾಗೇ ಇರ್ಲಿ" ಅಂದರು. ನನ್ನ ಮನಸ್ಸಿಗೆ ನೋವಾಯಿತು. ಆದರೂ ಅವರು ಹೇಳಿದ್ದೇ ಸರಿ ಅನಿಸಿತು. ಹಳೆಯ 1ರ ಅರ್ಧ ಅವರ ತಂದೆ ನೋಡಿದ್ದು, ಅಲ್ವಾ?

ಈ ತಿಂಗಳು ಅದರ ಎರಡು ಬೋಗಿಗಳನ್ನೂ ತಂದುಕೊಟ್ಟಿದ್ದಾರೆ. ಒಂದರ ಚಕ್ರ ತಿರುಗುತ್ತಿಲ್ಲ.