21ರ ಪಟ್ಟಿಯಲ್ಲಿಲ್ಲದ ಹುಡುಗ

ನನ್ನ ಆನ್‌ಲೈನ್ ಕೋರ್ಸಿನ ಅಸೈನ್‌ಮೆಂಟ್ ಕಳಿಸಲು ಭಾನುವಾರ ರಾತ್ರಿ ಹನ್ನೆರಡರವರೆಗೆ ಸಮಯವಿತ್ತು. ನಾನು ಶುಕ್ರವಾರವೇ ಬರೆದು ಮುಗಿಸಿದ್ದೆ. ನನ್ನ ಮಟ್ಟಿಗೆ ಇದು ಅಪರೂಪ, ಹಾಗಾಗಿ ಅವತ್ತು ಸ್ವಲ್ಪ ಬೀಗಿಕೊಂಡೇ ಮಲಗಿದೆ. ಉಳಿದಿದ್ದು ಒಂದೇ ಕೆಲಸ. ನಾನು ಬರೆದದ್ದು ನಮ್ಮ ಶಾಲೆಯ ಯಾವ ಹುಡುಗನ ಬಗ್ಗೆಯೋ ಅವನ ನೋಟ್‌ಬುಕ್ಕಿನ ನಾಲ್ಕು ಫೋಟೋ ತೆಗೆದು ಕೊನೆಗೆ ಸೇರಿಸುವುದು.

ಆ ನಾಲ್ಕು ಫೋಟೋ ತೆಗೆಯಲು ಹೋಗಿ ಬರೆದದ್ದನ್ನೆಲ್ಲ ಅಳಿಸಬೇಕಾಯಿತು.

ನಾನು ಸಾಗರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಐದರವರೆಗೆ ಸೇರಿ 23 ಮಕ್ಕಳು, ನಾನು ಮತ್ತು ಹೆಡ್ ಮೇಷ್ಟ್ರು. ಕೊರೊನಾ ಕಾಲದಲ್ಲಿ ಶಿಕ್ಷಕರ ನಿಷ್ಠಾ ತರಬೇತಿ ದೀಕ್ಷಾ ಆಪ್‌ಗೆ ಬಂತಲ್ಲ, 18 ಮಾಡ್ಯೂಲ್, ಆಗಲೇ ‘ಸಮನ್ವಯ ಶಿಕ್ಷಣ’, ಅಂದರೆ ನ್ಯೂನತೆ ಇರುವ ಮಕ್ಕಳಿಗೂ ಎಲ್ಲರ ಜೊತೆಯಲ್ಲೇ ಕಲಿಸುವುದು, ಅನ್ನುವುದನ್ನು ಮೊದಲ ಸಲ ಸ್ವಲ್ಪ ವಿವರವಾಗಿ ಕೇಳಿದ್ದು. ಕೇಳಿದ್ದು ಅಂದೆ, ನಿಜ ಹೇಳಬೇಕೆಂದರೆ ವಿಡಿಯೋ ಓಡಲು ಬಿಟ್ಟು ಒಗ್ಗರಣೆ ಹಾಕಿದವರಲ್ಲಿ ನಾನೂ ಒಬ್ಬಳು. ಆದರೂ ಏನೋ ಒಂದು ಕಿವಿಗೆ ಬಿದ್ದಿತ್ತು. ಹೋದ ವರ್ಷ ಕೈಯಿಂದ ದುಡ್ಡು ಕಟ್ಟಿ ವಿಶೇಷ ಮತ್ತು ಸಮನ್ವಯ ಶಿಕ್ಷಣದ ಆನ್‌ಲೈನ್ ಕೋರ್ಸಿಗೆ ಸೇರಿಕೊಂಡೆ. ಇದನ್ನು ಮುಗಿಸಿದರೆ ನಾನೇನೂ ವಿಶೇಷ ಶಿಕ್ಷಕಿ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಬೇಕು, ಅಲ್ಲಿ ಹೆಸರು ನೋಂದಾಯಿಸಬೇಕು. ನನಗೆ ಬೇಕಿದ್ದದ್ದು ನನ್ನ ಕ್ಲಾಸಿಗೆ ಎಷ್ಟು ಬೇಕೋ ಅಷ್ಟು.

ಪಾಠ ರಾತ್ರಿ ಒಂಬತ್ತಕ್ಕೆ. ಎಲ್ಲಾ ಇಂಗ್ಲಿಷ್. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಇದ್ದಾಗಲೂ ನೆಟ್ ಸಿಗುವುದು ಹಿಂದಿನ ಜಗಲಿಯ ಮೂಲೆಯಲ್ಲಿ ಮಾತ್ರ, ಅಲ್ಲಿ ತಲೆ ಮೇಲೆ ತಗಡಿನ ಮಾಡು. ಮಳೆ ಜೋರಾದರೆ ಮೇಡಂ ಬಾಯಿ ಆಡುವುದಷ್ಟೇ ಕಾಣುತ್ತದೆ. ಕೆಳಗೆ ತಾನಾಗಿ ಬರುವ ಅಕ್ಷರ ಓದಿಕೊಂಡು, ಅವರ ತುಟಿ ನೋಡಿಕೊಂಡು, ಅರ್ಧ ಊಹೆ ಮಾಡಿಕೊಂಡು ಪಾಠ ಕೇಳುತ್ತಿದ್ದೆ.

ಕಲಿಕಾ ನ್ಯೂನತೆಯ ಪಾಠ ಮುಗಿದ ವಾರ ನನಗೊಂದು ಚಾಳಿ ಹಿಡಿಯಿತು. ಎಲ್ಲರಲ್ಲೂ ಡಿಸ್ಲೆಕ್ಸಿಯಾ, ಅಂದರೆ ಓದು ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ, ಕಾಣತೊಡಗಿತು. ನಾಲ್ಕನೇ ಕ್ಲಾಸಿನ ಹುಡುಗನಲ್ಲಿ, ಐದನೇ ಕ್ಲಾಸಿನ ಇಬ್ಬರಲ್ಲಿ, ಕೊನೆಗೆ ನಮ್ಮ ಹೆಡ್ ಮೇಷ್ಟ್ರ ಕೈಬರಹದಲ್ಲೂ. ಪಾಠದ ಉದಾಹರಣೆಗಳೆಲ್ಲ ಇಂಗ್ಲಿಷಿನವು. ಬಿ ಅಕ್ಷರವನ್ನು ಡಿ ಅಂತ ತಿರುಗಿಸಿ ಬರೆಯುವುದು, ‘ವಾಸ್’ (was) ಅನ್ನು ‘ಸಾ’ (saw) ಅಂತ ಓದುವುದು. ಕನ್ನಡದಲ್ಲಿ ಇದು ಹೇಗಿರುತ್ತದೆ ಎಂದು ಅಲ್ಲಿ ಹೇಳುವವರಿರಲಿಲ್ಲ. ನಮ್ಮಲ್ಲಿ ಮಕ್ಕಳಿಗೆ ಕಾಟ ಕೊಡುವುದು ದೀರ್ಘ, ಒತ್ತಕ್ಷರ, ಮಹಾಪ್ರಾಣ. ಅದರಲ್ಲೂ ಮಹಾಪ್ರಾಣ ಬಿಟ್ಟು ‘ಬಾರತ’ ಅಂತ ಬರೆಯುವುದನ್ನೇ ನ್ಯೂನತೆ ಅಂದರೆ ಅರ್ಧ ಕರ್ನಾಟಕಕ್ಕೆ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ.

ಅಸೈನ್‌ಮೆಂಟಿಗೆ ಒಂದು ಮಗುವಿನ ಬಗ್ಗೆ ಪೂರ್ತಿ ಅಧ್ಯಯನ ಬರೆಯಬೇಕಿತ್ತು. ನಾನು ಆರಿಸಿಕೊಂಡದ್ದು ಆ ನಾಲ್ಕನೇ ಕ್ಲಾಸಿನ ಹುಡುಗನನ್ನು. ಇಲ್ಲಿ ಅವನನ್ನು ಪುಟ್ಟ ಅನ್ನುತ್ತೇನೆ. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು, ಮೂರು. ಕರೆದರೆ ತಿರುಗುವುದಿಲ್ಲ. ಹೇಳಿದ್ದು ಬಿಟ್ಟು ಬೇರೆ ಏನೋ ಮಾಡುತ್ತಾನೆ. ಯಾವಾಗಲೂ ಕತ್ತು ಓರೆ ಮಾಡಿ ಕೂರುತ್ತಾನೆ. ‘ನೆಟ್ಟಗೆ ಕೂತ್ಕೊಳೋ’ ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದೆ. ಪಾಠದಲ್ಲಿ ಕೊಟ್ಟ ಲಕ್ಷಣಗಳ ಪಟ್ಟಿ ಇಟ್ಟುಕೊಂಡು ಟಿಕ್ ಹಾಕುತ್ತಾ ಹೋದೆ, 14ರಲ್ಲಿ 11 ಬಂತು. ಇನ್ನೇನು ಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಇದ್ದವು, ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ. ಇದನ್ನೆಲ್ಲ ಚೆಂದವಾಗಿ ಬರೆದು, ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಡಬ್ಬಿಯಲ್ಲಿ ಪುಟ್ಟನನ್ನು ಕೂರಿಸಿ ಮುಚ್ಚಳ ಹಾಕಿದ್ದೆ.

ಶನಿವಾರ ಬೆಳಗಿನ ಶಾಲೆ. ಮಳೆ ಸುರಿಯುತ್ತಲೇ ಇತ್ತು. ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಪುಟ್ಟನ ಎರಡು ಪುಸ್ತಕ ಮೇಜಿನ ಮೇಲೆ ಹರವಿಕೊಂಡೆ. ಒಂದು ಉಕ್ತಲೇಖನದ್ದು, ಇನ್ನೊಂದು ನಕಲು ಬರಹದ್ದು. ಫೋಟೋ ಚೆನ್ನಾಗಿ ಬರಲೆಂದು ಅಕ್ಕಪಕ್ಕ ಇಟ್ಟೆ.

ನಕಲು ಪುಸ್ತಕದಲ್ಲಿ ‘ರಾಷ್ಟ್ರ’ ಅಂತ ಬರೆದಿದ್ದ. ಷ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು, ಎಲ್ಲ ಅದರದರ ಜಾಗದಲ್ಲಿ. ‘ಸ್ವಾತಂತ್ರ್ಯ’ ಕೂಡ ಸರಿಯಾಗಿತ್ತು. ನನ್ನ ಜೊತೆ ಕೋರ್ಸ್ ಮಾಡುವ ಕೆಲವರು ಆ ಪದವನ್ನು ಫೋನಿನಲ್ಲಿ ತಪ್ಪಾಗಿ ಬರೆಯುತ್ತಾರೆ, ಇರಲಿ. ನೋಡಿ ಬರೆಯುವುದು ಎಲ್ಲರಿಗೂ ಬರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಉಕ್ತಲೇಖನದ ಪುಟ ತಿರುಗಿಸಿದೆ.

ನಾನು ‘ಕೊಡೆ’ ಅಂದದ್ದನ್ನು ‘ತೊಡೆ’ ಅಂತ ಬರೆದಿದ್ದ. ಅವತ್ತು ಕ್ಲಾಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ‘ಪಾಟಿ’ ಇದ್ದದ್ದು ‘ಕಾಟಿ’ ಆಗಿತ್ತು. ‘ಸೇಬು’ ಬರೀ ‘ಏಬು’. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದವಳು ನಾನೇ, ಆದರೆ ಒಂದರ ಕೆಳಗೊಂದು ಇಟ್ಟು ನೋಡಿದ್ದು ಈ ಶನಿವಾರವೇ. ಏ ಸರಿ, ಓ ಸರಿ, ಆ ಸರಿ. ದೀರ್ಘ ಒಂದೂ ತಪ್ಪಿಲ್ಲ. ತಪ್ಪುಗಳೆಲ್ಲ ಕ, ತ, ಪ, ಸ ಇವುಗಳಲ್ಲೇ. ಅಂದರೆ ಗಟ್ಟಿಯಾಗಿ ಕೇಳುವ ಸ್ವರಗಳು ಸರಿ, ಉಸಿರಲ್ಲಿ ಹೋಗಿಬಿಡುವ ಸಣ್ಣ ಸದ್ದುಗಳು ಮಾತ್ರ ತಪ್ಪು.

ಇನ್ನೊಂದೂ ಕಂಡಿತು. ಮೂರನೇ ಕ್ಲಾಸಿನ ಪುಸ್ತಕದಲ್ಲಿ ಹಾಳೆ ಉಳಿದಿತ್ತೆಂದು ಪುಟ್ಟ ಅದನ್ನೇ ಮುಂದುವರಿಸಿದ್ದ. ಹಿಂದಕ್ಕೆ ತಿರುಗಿಸಿದೆ. ಫೆಬ್ರವರಿಯಲ್ಲಿ ಹತ್ತಕ್ಕೆ ಎಂಟು. ಮಾರ್ಚ್‌ನಲ್ಲಿ ಏಳು. ಜೂನ್ ಕೊನೆಯಲ್ಲಿ ನಾಲ್ಕು, ಜುಲೈನಲ್ಲಿ ಮೂರು, ಎರಡು. ಡಿಸ್ಲೆಕ್ಸಿಯಾ ಮಳೆಗಾಲಕ್ಕೆ ಬಂದು ಬೇಸಿಗೆಗೆ ಹೋಗುವುದಿಲ್ಲ ಅಲ್ವಾ?

ಹೋಲಿಸಿ ನೋಡೋಣವೆಂದು ಪುಟ್ಟನ ಪಕ್ಕ ಕೂರುವ ಹುಡುಗಿಯ ಪುಸ್ತಕ ಕೇಳಿದೆ. ಅವಳು ತಂದು ಕೊಟ್ಟು ಅಲ್ಲೇ ನಿಂತಳು.

“ಟೀಚರ್, ನಾನು ಅವ್ನ ಈ ಕಡೆಗೆ ಕೂರ್ತೀನಿ ಟೀಚರ್.”

“ಯಾಕೆ?”

“ಆ ಕಡೆ ಕಿವಿ ನಾತ ಬರ್ತದೆ. ಸೋರ್ತದೆ.”

“ಯಾವಾಗಿಂದ?”

“ಮಳೆ ಶುರುವಾದಾಗ್ಲೇ ಯಾವಾಗ್ಲೂ,” ಅಂದಳು, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ.

ಗೊತ್ತಿರಲಿಲ್ಲ. ಮೂರು ವರ್ಷದಿಂದ ಆ ಹುಡುಗನಿಗೆ ಪಾಠ ಹೇಳುತ್ತಿದ್ದೇನೆ. ಒಂದು ಸಲವೂ ಅವನ ಎಡಗಡೆ ಹೋಗಿ ಬಗ್ಗಿ ನೋಡಿರಲಿಲ್ಲ.

ಕೋರ್ಸಿನಲ್ಲಿ ಕಲಿತದ್ದರಲ್ಲಿ ಒಂದು ಮಾತ್ರ ಆಗ ಥಟ್ಟನೆ ನೆನಪಾಯಿತು. ಡೇನಿಯಲ್ ಲಿಂಗ್ ಎಂಬುವರು ಮಾಡಿದ ಆರು ಸದ್ದಿನ ಪರೀಕ್ಷೆ. ಆ, ಊ, ಈ, ಮ್, ಶ್, ಸ್. ನಾವು ಮಾತಾಡುವ ಸದ್ದುಗಳಲ್ಲಿ ತೀರಾ ದಪ್ಪದ್ದರಿಂದ ತೀರಾ ತೆಳುವಾದದ್ದರವರೆಗೆ ಈ ಆರರಲ್ಲಿ ಬಂದುಬಿಡುತ್ತದೆ. ಶ್ರವಣ ಸಾಧನ ಹಾಕಿಕೊಂಡ ಮಕ್ಕಳಿಗೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ದಿನಾ ಬೆಳಿಗ್ಗೆ ನೋಡಲು ಇದನ್ನು ಬಳಸುತ್ತಾರೆ. ಯಂತ್ರ ಬೇಡ, ಖರ್ಚಿಲ್ಲ. ಬಾಯಿ ಕಾಣಬಾರದು, ಅಷ್ಟೇ.

ಆದರೆ ಮಳೆ ನಿಲ್ಲಬೇಕಲ್ಲ. ಆ ಸದ್ದಿನಲ್ಲಿ ನನಗೇ ನನ್ನ ‘ಸ್’ ಕೇಳುವುದಿಲ್ಲ. ಹತ್ತೂವರೆ ಹೊತ್ತಿಗೆ ಸ್ವಲ್ಪ ಹೊಳವಾಯಿತು. ಉಳಿದವರನ್ನು ಜಗಲಿಗೆ ಕಳಿಸಿ ಪುಟ್ಟನನ್ನು ಬೆನ್ನು ತಿರುಗಿಸಿ ಕೂರಿಸಿದೆ. ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದೆ. ಕೇಳಿದರೆ ಕೈ ಎತ್ತಿ ಅದನ್ನೇ ಹೇಳಬೇಕು. ಮೊದಲು ಹತ್ತಿರದಿಂದ. ಆರೂ ಹೇಳಿದ. ನನ್ನ ಅನುಮಾನವೇ ತಪ್ಪೇನೋ ಅನ್ನಿಸಿತು. ಆಮೇಲೆ ನಾನು ಯಾವಾಗಲೂ ನಿಂತು ಪಾಠ ಮಾಡುವ ಬೋರ್ಡಿನ ಹತ್ತಿರ ಹೋಗಿ ನಿಂತೆ. ಅಲ್ಲಿಂದ ಅವನ ಬೆಂಚಿಗೆ ಹನ್ನೆರಡು ಅಡಿ ಇರಬಹುದು. ‘ಆ’ ಅಂದೆ, ಕೈ ಎತ್ತಿದ. ‘ಈ’ ಅಂದೆ, ಎತ್ತಿದ. ‘ಶ್’. ಸುಮ್ಮನೆ ಕೂತಿದ್ದ. ‘ಸ್’. ಸುಮ್ಮನೆ ಕೂತಿದ್ದ. ‘ಮ್’. ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ತಿರುಗಿ, “ಮುಗೀತಾ ಟೀಚರ್?” ಅಂದ.

ನನಗೆ ಅಲ್ಲೇ ಕುರ್ಚಿ ಬೇಕಾಯಿತು.

ಶಾಲೆ ಬಿಟ್ಟ ಮೇಲೆ ಅವನ ಜೊತೆಯೇ ಮನೆಗೆ ಹೋದೆ. ಅವನಮ್ಮ ಕಷಾಯ ಕೊಟ್ಟರು. ಕಿವಿ ವಿಷಯ ಕೇಳಿದರೆ ಅವರಿಗೆ ಆಶ್ಚರ್ಯವೇ ಇಲ್ಲ. “ಚಿಕ್ಕೋನಿದ್ದಾಗಿಂದ ಸೋರ್ತದೆ ಟೀಚರ್. ಬೆಳ್ಳುಳ್ಳಿ ಹಾಕಿ ಕಾಯ್ಸಿ ಎಣ್ಣೆ ಬಿಡ್ತೀವಿ. ಬೇಸ್ಗೇಲಿ ತಂತಾನೇ ನಿಲ್ತದೆ,” ಅಂದರು. ಸೋರುವ ಕಿವಿಗೆ ಎಣ್ಣೆ ಹಾಕಲೇಬಾರದು ಎಂದು ಹೇಳುವಾಗ ನನಗೇ ಮುಜುಗರ. ನಮ್ಮ ಮನೆಯಲ್ಲೂ ಅದನ್ನೇ ಮಾಡಿಕೊಂಡು ಬಂದವರು ನಾವು. ಮಕ್ಕಳ ಆರೋಗ್ಯ ತಪಾಸಣೆಗೆಂದು ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಡಾಕ್ಟರು ಒಮ್ಮೆ ಚೀಟಿ ಬರೆದುಕೊಟ್ಟಿದ್ದರಂತೆ. ಶಿವಮೊಗ್ಗಕ್ಕೆ ಹೋಗಿ ಬರಲು ಒಂದು ದಿನದ ಕೂಲಿ, ಜೊತೆಗೆ ಬಸ್ ಚಾರ್ಜು. ಅಷ್ಟರಲ್ಲಿ ಬೇಸಿಗೆ ಬಂತು, ಕಿವಿ ನಿಂತಿತು, ಚೀಟಿ ಎಲ್ಲೋ ಹೋಯಿತು.

ನಮ್ಮ ತಾಲ್ಲೂಕಿನ ಬಿಐಇಆರ್‌ಟಿ ಮೇಡಂಗೆ ಫೋನ್ ಮಾಡಿದೆ. ತಾಲ್ಲೂಕಿನ ವಿಶೇಷ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು ಅವರು. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವುದೂ ಅವರೇ. ಎಲ್ಲೋ ಬಸ್ಸಿನಲ್ಲಿದ್ದರು. ಪೂರ್ತಿ ಕೇಳಿಸಿಕೊಂಡು, “ಮೇಡಂ, ಮೊದಲು ಕಿವಿ, ಕಣ್ಣು ನೋಡಿ, ಆಮೇಲೆ ಮಿಕ್ಕಿದ್ದು. ನಾವು ಯಾವಾಗಲೂ ಆ ಕಡೆಯಿಂದಲೇ ಶುರು ಮಾಡೋದು,” ಅಂದರು. ಎರಡು ಸಾಲು. ಇದೇ ಮಾತು ನಮ್ಮ ಕೋರ್ಸಿನ ಮಾಡ್ಯೂಲ್‌ನಲ್ಲೂ ಇತ್ತು, 37ನೇ ಪುಟದಲ್ಲಿ. ಆಮೇಲೆ ಹುಡುಕಿ ನೋಡಿದೆ. ಆ ಪಾಠ ನಡೆದ ರಾತ್ರಿ ಈ ಭಾಗ ಬರುವಾಗ ಮಳೆ ಜೋರಿತ್ತು ಅಂತ ಕಾಣುತ್ತದೆ.

ಭಾನುವಾರ ಇಡೀ ದಿನ ಹೊಸದಾಗಿ ಬರೆದೆ. ಹನ್ನೊಂದೂವರೆಗೆ ಕಳಿಸಲು ಕೂತರೆ ಸುತ್ತುತ್ತಲೇ ಇದೆ, ಹೋಗುತ್ತಿಲ್ಲ. ಯಜಮಾನರು ಫೋನನ್ನು ಅಡಕೆ ಕೊಯ್ಯುವ ದೋಟಿಗೆ ಕಟ್ಟಿ ಎತ್ತಲಾ ಎಂದು ಕೇಳಿದರು. ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ಗೊತ್ತಿಲ್ಲ. ಹನ್ನೊಂದು ಐವತ್ತೆರಡಕ್ಕೆ ಹೋಯಿತು.

ಹದಿನೈದು ದಿನ ಬಿಟ್ಟು ಪುಟ್ಟ ಮತ್ತು ಅವನಮ್ಮನ ಜೊತೆ ನಾನೂ ಜಿಲ್ಲಾ ಆಸ್ಪತ್ರೆಗೆ ಹೋದೆ. ಎಡಗಿವಿಯ ತಮಟೆಯಲ್ಲಿ ತೂತು. ಬಲಗಿವಿಯೂ ಪೂರ್ತಿ ಚೆನ್ನಾಗಿಲ್ಲ. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ ಕೇಳುವ ಶಕ್ತಿಯ ನಷ್ಟ ಎಡಕ್ಕೆ 45 ಡೆಸಿಬಲ್ (ಸದ್ದಿನ ಅಳತೆ), ಬಲಕ್ಕೆ 30 ಎಂದು ಬರೆದುಕೊಟ್ಟರು. ಕಿವಿಗೆ ಹನಿ ಔಷಧ, ನೀರು ತಾಗಿಸಬಾರದು, ಸ್ನಾನಕ್ಕೆ ಮೊದಲು ವ್ಯಾಸಲೀನ್ ಸವರಿದ ಹತ್ತಿ ಇಡಬೇಕು, ಒಣಗಿದ ಮೇಲೆ ಆಪರೇಷನ್ ಬೇಕಾ ನೋಡೋಣ. ಕೆರೆಗೆ ಬೀಳುವಂತಿಲ್ಲ ಎಂದಾಗ ಮಾತ್ರ ಪುಟ್ಟನ ಮುಖ ಸಣ್ಣದಾಯಿತು.

ಅಸೈನ್‌ಮೆಂಟಿಗೆ 25ಕ್ಕೆ 13 ಬಂತು. ‘ನ್ಯೂನತೆಯ ವರ್ಗ ನಮೂದಿಸಿಲ್ಲ’ ಎಂದು ಷರಾ. ಏನೆಂದು ನಮೂದಿಸಲಿ? ಕಾಯ್ದೆಯ ಲೆಕ್ಕದಲ್ಲಿ ಎರಡೂ ಕಿವಿಗೆ 60 ಡೆಸಿಬಲ್ ನಷ್ಟವಾದರೆ ಮಂದ ಶ್ರವಣ, 70 ಆದರೆ ಕಿವುಡು. ಪುಟ್ಟ ಎರಡಕ್ಕೂ ಸೇರುವುದಿಲ್ಲ. ಅವನಿಗೆ ಸರ್ಟಿಫಿಕೇಟ್ ಇಲ್ಲ, ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಇಲ್ಲ, ಆ 21ರಲ್ಲಿ ಅವನ ಹೆಸರಿಗೆ ಸಾಲಿಲ್ಲ. ಡೆಸಿಬಲ್ ಲೆಕ್ಕ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದನ್ನು ಒಪ್ಪುತ್ತೇನೆ. ಆದರೆ ಹನ್ನೆರಡು ಅಡಿ ದೂರದಲ್ಲಿ ನಿಂತು ಬೋರ್ಡಿನ ಕಡೆ ಮುಖ ಮಾಡಿ ‘ಸೇಬು’ ಅನ್ನುವ ಟೀಚರಿಗೆ ಆ ಗೆರೆಯಿಂದ ಏನಾಗಬೇಕು? ಮಾರ್ಕು ಹೆಚ್ಚಿಸಿ ಎಂದು ಬರೆಯೋಣ ಅಂದುಕೊಂಡವಳು ಸುಮ್ಮನಾದೆ. ಶುಕ್ರವಾರ ಬರೆದಿದ್ದನ್ನೇ ಕಳಿಸಿದ್ದರೆ 20 ಬರುತ್ತಿತ್ತೇನೋ.

ಈಗ ಪುಟ್ಟ ಮೊದಲನೇ ಬೆಂಚಿನಲ್ಲಿ, ಎಡಗಡೆ ತುದಿಯಲ್ಲಿ ಕೂರುತ್ತಾನೆ. ಬಲಗಿವಿ ನನ್ನ ಕಡೆಗೆ. ಬೋರ್ಡಿಗೆ ಬರೆಯುತ್ತಾ ಮಾತಾಡುವ ನನ್ನ ಹದಿನೆಂಟು ವರ್ಷದ ಅಭ್ಯಾಸ ಇನ್ನೂ ಪೂರ್ತಿ ಬಿಟ್ಟಿಲ್ಲ. ಮರೆತಾಗ ಆ ಹುಡುಗಿ ಹಿಂದಿನಿಂದ “ಟೀಚರ್, ತಿರುಗಿ” ಅನ್ನುತ್ತಾಳೆ.

ತೊಂದರೆ ಏನೆಂದರೆ ಆ ಜಾಗದಲ್ಲೇ ಹೆಂಚು ಸೋರುತ್ತದೆ. ದುರಸ್ತಿಗೆ ಬರೆದಿದ್ದೇವೆ, ಮಳೆ ಬಿಡುವವರೆಗೆ ಯಾರೂ ಮಾಡು ಹತ್ತುವುದಿಲ್ಲ. ಬೆಂಚನ್ನು ಒಂದಡಿ ಸರಿಸಿ ಕೆಳಗೆ ಬಕೆಟ್ ಇಟ್ಟೆವು. ಮೊದಲ ದಿನ ಇಡೀ ಟಪ್ ಟಪ್ ಎಂದು ಹನಿ ಬೀಳುವ ಸದ್ದು, ಅದೂ ಸರಿಯಾಗಿ ಪುಟ್ಟನ ಬಲಗಿವಿಯ ಹತ್ತಿರ. ಮಾರನೇ ದಿನ ಹೆಡ್ ಮೇಷ್ಟ್ರು ಮನೆಯಿಂದ ಒಂದು ಹಳೇ ಟವಲ್ ತಂದು ಬಕೆಟ್ಟಿನ ತಳಕ್ಕೆ ಹಾಸಿದರು.